‘ಬಿ ಟೀಮ್’ ಪ್ರವಾಸಗಳ ಪರವಾಗಿ

ಹೆಸರಾಂತ ಆಟಗಾರರಿಲ್ಲದ ಭಾರತ ತಂಡ ಏಕದಿನ ಮತ್ತು ಟಿ20 ಪಂದ್ಯಗಳಿಗೆ ಹೊರದೇಶಕ್ಕೆ ಹೊರಟಿತೆಂದರೆ ಗೋಕಾಕದ ಚಹಾದಂಗಡಿ, ಮೂಡಲಗಿಯ ಸಂತೆ, ಹುಕ್ಕೇರಿಯ ಬಸ್ ಸ್ಟ್ಯಾಂಡು ಎಲ್ಲ ಕಡೆಯೂ ಒಂದೇ ಮಾತು: ‘ಏನ್ ನೋಡೂದೈತ್ರಿ ಅದರಾಗ? ಬಿ ಟೀಮ್ ಹೋಗೇತಿ.’ ಈ ಮಾತು ನಮ್ಮ ಕಡೆಯವರದಷ್ಟೇ ಅಲ್ಲ. 2021ರ ಜುಲೈನಲ್ಲಿ ಶಿಖರ್ ಧವನ್ ನಾಯಕತ್ವದ ತಂಡ ಶ್ರೀಲಂಕಾಕ್ಕೆ ಹೋದಾಗ, ಆ ದೇಶಕ್ಕೆ 1996ರ ವಿಶ್ವಕಪ್ ಗೆದ್ದುಕೊಟ್ಟ ಅರ್ಜುನ ರಣತುಂಗ ಅವರೇ ಇದು ಎರಡನೇ ದರ್ಜೆಯ ತಂಡ, ಇದರ ಜೊತೆ ಆಡುವುದು ನಮ್ಮ ಕ್ರಿಕೆಟ್ಟಿಗೆ ಅವಮಾನ, ಟಿವಿಯ ಹಣಕ್ಕಾಗಿ ನಮ್ಮ ಮಂಡಳಿ ಒಪ್ಪಿಕೊಂಡಿದೆ ಎಂದು ಹೇಳಿದ್ದರು. ಅಷ್ಟು ದೊಡ್ಡ ಆಟಗಾರ ಆಡಿದ ಮಾತು ಬೇಗನೆ ಎಲ್ಲರ ಅಭಿಪ್ರಾಯವಾಗುತ್ತದೆ. ಆದರೆ ಅದು ತಪ್ಪು ಅಭಿಪ್ರಾಯ. ಅದರಲ್ಲೂ ಬೆಂಗಳೂರಿನಿಂದ ಸುಮಾರು ಐನೂರು ಕಿಲೋಮೀಟರ್ ದೂರದ ನಾವು ಅದನ್ನು ಒಪ್ಪಿಕೊಂಡರೆ ನಮ್ಮ ಮಕ್ಕಳಿಗೇ ನಷ್ಟ.

ಆ ಶ್ರೀಲಂಕಾ ಪ್ರವಾಸವನ್ನೇ ಮೊದಲು ನೋಡೋಣ. ವಿರಾಟ್ ಕೊಹ್ಲಿಯವರ ಟೆಸ್ಟ್ ತಂಡ ಆಗ ಇಂಗ್ಲೆಂಡಿನಲ್ಲಿತ್ತು. ಜೂನ್‌ನಲ್ಲಿ ಸೌತಾಂಪ್ಟನ್ನಿನಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಸೋತು, ಆಗಸ್ಟ್‌ನ ಟೆಸ್ಟ್ ಸರಣಿಗೆ ಕಾಯುತ್ತಿತ್ತು. ಕೊರೊನಾ ಕಾಲದ ಕ್ವಾರಂಟೈನ್ ನಿಯಮಗಳ ನಡುವೆ ಆ ಆಟಗಾರರನ್ನು ಕೊಲಂಬೊಗೆ ಕರೆಸಿ ಮತ್ತೆ ಇಂಗ್ಲೆಂಡಿಗೆ ಕಳಿಸುವುದು ಆಗದ ಮಾತು. ಹಾಗಾಗಿ 20 ಮಂದಿಯ ಬೇರೆಯೇ ತಂಡವನ್ನು ಆರಿಸಲಾಯಿತು. ರಾಹುಲ್ ದ್ರಾವಿಡ್ ಕೋಚ್ ಆದರು. ಗದಗದ ಸುನಿಲ್ ಜೋಶಿ ಅಂದಿನ ಆಯ್ಕೆ ಸಮಿತಿಯಲ್ಲಿದ್ದರು. ಕರ್ನಾಟಕದಿಂದ ಮನೀಷ್ ಪಾಂಡೆ, ದೇವದತ್ತ ಪಡಿಕ್ಕಲ್, ಕೆ. ಗೌತಮ್ ಹೋದರು. ಬೀದರಿನಲ್ಲಿ ಹುಟ್ಟಿ ತಮಿಳುನಾಡಿಗೆ ಆಡುವ ವರುಣ್ ಚಕ್ರವರ್ತಿಯೂ ಇದ್ದರು. ರಣತುಂಗ ಅವರ ಮಾತಿಗೆ ಶ್ರೀಲಂಕಾದ ಕ್ರಿಕೆಟ್ ಮಂಡಳಿಯೇ ಉತ್ತರ ಕೊಟ್ಟಿತು: ಈ 20 ಮಂದಿಯಲ್ಲಿ 14 ಮಂದಿ ಈಗಾಗಲೇ ಒಂದಲ್ಲ ಒಂದು ಮಾದರಿಯಲ್ಲಿ ಭಾರತಕ್ಕೆ ಆಡಿದವರು.

ಜುಲೈ 18ರ ಮೊದಲ ಏಕದಿನ ಪಂದ್ಯದಲ್ಲಿ 263 ರನ್ನುಗಳ ಗುರಿಯನ್ನು ಈ ತಂಡ 36.4 ಓವರುಗಳಲ್ಲೇ ಮುಟ್ಟಿತು. ಅಂದು ಮೊದಲ ಏಕದಿನ ಪಂದ್ಯ ಆಡಿದ ಇಶಾನ್ ಕಿಶನ್ 59 ರನ್ ಹೊಡೆದರು. ಎರಡು ದಿನಗಳ ನಂತರ 276 ರನ್ ಬೆನ್ನತ್ತಿದಾಗ 193ಕ್ಕೆ 7 ವಿಕೆಟ್ ಹೋಗಿದ್ದವು. ಅಲ್ಲಿಂದ ದೀಪಕ್ ಚಾಹರ್ ಔಟಾಗದೆ 69 ರನ್ ಗಳಿಸಿ, ಭುವನೇಶ್ವರ್ ಕುಮಾರ್ ಜೊತೆ ಮುರಿಯದ 84 ರನ್ ಜೊತೆಯಾಟ ಕಟ್ಟಿ, ಐದು ಎಸೆತ ಉಳಿದಿರುವಾಗ ಗೆಲ್ಲಿಸಿದರು. ‘ನೋಡೂದೇನೈತಿ’ ಅಂದವರು ತಪ್ಪಿಸಿಕೊಂಡದ್ದು ಈ ಪಂದ್ಯವನ್ನು. ಸರಣಿ ಗೆದ್ದಾಗಿದ್ದರಿಂದ ಮೂರನೇ ಪಂದ್ಯದಲ್ಲಿ ಐವರು ಹೊಸಬರು ಒಟ್ಟಿಗೆ ಕಣಕ್ಕಿಳಿದರು. ಅವರಲ್ಲಿ ಗೌತಮ್ ಒಬ್ಬರು. ಭಾರತದ ಪರವಾಗಿ ಒಂದೇ ಏಕದಿನ ಪಂದ್ಯದಲ್ಲಿ ಐವರು ಪದಾರ್ಪಣೆ ಮಾಡಿದ್ದು 1980ರ ಡಿಸೆಂಬರಿನ ಮೆಲ್ಬರ್ನ್ ಪಂದ್ಯದ ನಂತರ ಅದೇ ಮೊದಲು. ಆ 1980ರ ಐವರಲ್ಲಿ ನಮ್ಮ ರೋಜರ್ ಬಿನ್ನಿ ಇದ್ದರು. ಅವರೇ ಮುಂದೆ 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಕಪಿಲ್ ದೇವ್ ತಂಡದ ಬೆನ್ನೆಲುಬಾದರು.

ಟಿ20 ಸರಣಿಯ ಕಥೆ ಬೇರೆ. ಮೊದಲ ಪಂದ್ಯ ಗೆದ್ದ ಮೇಲೆ ಕೃಣಾಲ್ ಪಾಂಡ್ಯಗೆ ಕೊರೊನಾ ತಗಲಿತು. ಅವರ ಹತ್ತಿರ ಬಂದಿದ್ದ ಎಂಟು ಮಂದಿಯನ್ನು ಪ್ರತ್ಯೇಕ ಇರಿಸಿದ್ದರಿಂದ ಬ್ಯಾಟ್ಸ್‌ಮನ್‌ಗಳೇ ಸಾಲದಾದರು. ಜುಲೈ 28ರಂದು ಐವರು ಬ್ಯಾಟ್ಸ್‌ಮನ್, ಆರು ಮಂದಿ ಬೌಲರುಗಳ ತಂಡ ಇಳಿಯಿತು. ಪಡಿಕ್ಕಲ್ ಮತ್ತು ಋತುರಾಜ್ ಗಾಯಕ್ವಾಡ್ ಭಾರತಕ್ಕೆ ಮೊದಲ ಸಲ ಆಡಿದ್ದು ಅಂದೇ. 29 ರನ್ ಗಳಿಸಿದ ಪಡಿಕ್ಕಲ್ ಆ ರಾತ್ರಿ ತಮ್ಮ ಯೋಗ್ಯತೆ ತೋರಿಸಿದರು. ಪಂದ್ಯ ಕೊನೆಯ ಓವರಿನವರೆಗೂ ಹೋದರೂ ಭಾರತ ಸೋತಿತು. ಮರುದಿನ 81 ರನ್ನಿಗೇ ನಿಂತು ಸರಣಿಯೂ ಕೈಬಿಟ್ಟಿತು. ಭಾರತದ ಮೇಲೆ ದ್ವಿಪಕ್ಷೀಯ ಟಿ20 ಸರಣಿಯನ್ನು ಶ್ರೀಲಂಕಾ ಗೆದ್ದದ್ದು ಅದೇ ಮೊದಲು. ಮೂವರು ಮುಖ್ಯ ಆಟಗಾರರನ್ನು ಇಂಗ್ಲೆಂಡಿನಿಂದ ಶಿಸ್ತುಭಂಗಕ್ಕಾಗಿ ಮನೆಗೆ ಕಳಿಸಿ, ದಾಸುನ್ ಶನಕಾ ಎಂಬ ಹೊಸ ನಾಯಕನೊಡನೆ ಆಡುತ್ತಿದ್ದ ಆ ತಂಡಕ್ಕೆ ಸಿಕ್ಕಿದ್ದು ಅವಮಾನವಲ್ಲ, ಆತ್ಮವಿಶ್ವಾಸ.

ಇದರ ಫಲ ಏನು? 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಾಗ 15 ಮಂದಿಯ ತಂಡದಲ್ಲಿದ್ದ ಸೂರ್ಯಕುಮಾರ್ ಯಾದವ್, ಹಾರ್ದಿಕ್ ಪಾಂಡ್ಯ, ಸಂಜು ಸ್ಯಾಮ್ಸನ್, ಕುಲದೀಪ್ ಯಾದವ್, ಯಜುವೇಂದ್ರ ಚಾಹಲ್ ಐವರೂ ಆ ಕೊಲಂಬೊ ತಂಡದವರು. ವಿಶ್ವಕಪ್ಪಿನಲ್ಲಿ 17 ವಿಕೆಟ್ ಪಡೆದ ಅರ್ಶದೀಪ್ ಸಿಂಗ್ ಕೊಲಂಬೊಗೆ ಹೋಗಿದ್ದು ನೆಟ್ ಬೌಲರ್ ಆಗಿ. ಕೋಚ್ ದ್ರಾವಿಡ್, ಬೌಲಿಂಗ್ ಕೋಚ್ ಪಾರಸ್ ಮಾಂಬ್ರೆ, ಫೀಲ್ಡಿಂಗ್ ಕೋಚ್ ಟಿ. ದಿಲೀಪ್ ಮೂವರೂ ಎರಡೂ ಕಡೆ ಇದ್ದರು. ಹಾರ್ದಿಕ್, ಕುಲದೀಪ್, ಚಾಹಲ್ ಮೊದಲೇ ಹೆಸರು ಮಾಡಿದ್ದವರು, ನಿಜ. ಆದರೆ ತಂಡದಲ್ಲಿ ಸ್ಥಾನ ಅಲುಗಾಡುತ್ತಿದ್ದ ಕುಲದೀಪ್ ಅಂಥವರಿಗೆ ಮತ್ತೆ ಆಡುವ ಜಾಗ ಸಿಕ್ಕಿದ್ದೂ ಇಲ್ಲಿಯೇ. ವರುಣ್ ಚಕ್ರವರ್ತಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು ಅದೇ ಪ್ರವಾಸದಲ್ಲಿ. ನಂತರ ತಂಡದಿಂದ ಹೊರಬಿದ್ದು, ಮರಳಿ ಬಂದು, 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಬರೀ ಮೂರು ಪಂದ್ಯಗಳಲ್ಲಿ 9 ವಿಕೆಟ್ ಕಿತ್ತರು. ಬೀಜಕ್ಕೆಂದು ಬಿಟ್ಟ ಕಬ್ಬನ್ನು ಕಾರ್ಖಾನೆಯ ತೂಕದಿಂದ ಅಳೆಯುವ ರೈತ ಘಟಪ್ರಭಾ ದಂಡೆಯಲ್ಲಿ ಒಬ್ಬನೂ ಸಿಗಲಾರ. ಪ್ರವಾಸವನ್ನು ಮಾತ್ರ ನಾವು ಹಾಗೆ ಅಳೆಯುತ್ತೇವೆ.

ಇದು ಒಂದು ಸಲ ಆದ ಅದೃಷ್ಟ ಎನ್ನುವವರು 2010ರ ಜಿಂಬಾಬ್ವೆ ಪ್ರವಾಸವನ್ನು ನೆನೆಯಬೇಕು. ಸುರೇಶ್ ರೈನಾ ನಾಯಕತ್ವದ ತಂಡ ಅಲ್ಲಿ ತ್ರಿಕೋನ ಸರಣಿಯ ಫೈನಲ್ಲನ್ನೂ ಮುಟ್ಟದೆ, ಜಿಂಬಾಬ್ವೆಗೆ ಎರಡು ಸಲ ಸೋತು ಹಿಂತಿರುಗಿತು. ಪತ್ರಿಕೆಗಳಿಗೆ ಅದು ಮುಖಭಂಗವಾಗಿತ್ತು. ಆದರೆ ರೋಹಿತ್ ಶರ್ಮಾ ಏಕದಿನ ಕ್ರಿಕೆಟ್ಟಿನ ತಮ್ಮ ಮೊದಲ ಎರಡು ಶತಕ ಹೊಡೆದದ್ದು ಆ ಸರಣಿಯಲ್ಲಿ. ಆರ್. ಅಶ್ವಿನ್ ಮೊದಲ ಏಕದಿನ ಪಂದ್ಯ ಆಡಿದ್ದು ಅಲ್ಲಿ. ವಿರಾಟ್ ಕೊಹ್ಲಿ ಮೊದಲ ಅಂತರರಾಷ್ಟ್ರೀಯ ಟಿ20 ಪಂದ್ಯ ಆಡಿದ್ದು ಅದೇ ಪ್ರವಾಸದಲ್ಲಿ, ಹರಾರೆಯಲ್ಲಿ. ದಾವಣಗೆರೆಯ ಆರ್. ವಿನಯ್ ಕುಮಾರ್ ಮೊದಲ ಏಕದಿನ ಪಂದ್ಯ ಆಡಿದ್ದೂ ಆಗಲೇ. 2024ರಲ್ಲಿ ವಿಶ್ವಕಪ್ ಗೆದ್ದ ಕೆಲವೇ ದಿನಗಳಿಗೆ ಶುಭಮನ್ ಗಿಲ್ ನಾಯಕತ್ವದ ಹೊಸಬರ ತಂಡ ಅದೇ ಹರಾರೆಯಲ್ಲಿ 116 ರನ್ ಗುರಿ ಮುಟ್ಟಲಾಗದೆ ಸೋತಿತು. ಅಂದು ಮೊದಲ ಪಂದ್ಯ ಆಡಿ ಸೊನ್ನೆಗೆ ಔಟಾದ ಅಭಿಷೇಕ್ ಶರ್ಮಾ ಮರುದಿನ 46 ಎಸೆತಗಳಲ್ಲಿ ಶತಕ ಹೊಡೆದರು. ಸರಣಿ 4-1ರಿಂದ ಭಾರತದ್ದಾಯಿತು. ಮೊದಲ ತಂಡದಲ್ಲಿ ಸೊನ್ನೆ ಹೊಡೆದ ಹೊಸಬನಿಗೆ ಮರುದಿನವೇ ಮತ್ತೊಂದು ಅವಕಾಶ ಸಿಗುವುದು ಅಪರೂಪ. ಇಂಥ ಪ್ರವಾಸದಲ್ಲಿ ಸಿಕ್ಕಿತು, ದೇಶಕ್ಕೆ ಒಬ್ಬ ಆರಂಭಿಕ ಆಟಗಾರನೂ ಸಿಕ್ಕ.

ಈಗ ನಮ್ಮ ಕರ್ನಾಟಕದ ಮಾತಿಗೆ ಬರೋಣ. ‘ನಮ್ಮ ಹುಡುಗರಿಗೆ ಅನ್ಯಾಯ ಆಗೇತಿ’ ಎಂಬುದು ನಮ್ಮಲ್ಲಿ ಸದಾ ಕೇಳುವ ದೂರು. ಟೆಸ್ಟಿನಲ್ಲಿ 303 ರನ್ ಹೊಡೆದ ಕರುಣ್ ನಾಯರ್ ಅವರನ್ನು ಬೇಗನೆ ಕೈಬಿಟ್ಟಾಗ ಆ ದೂರಿಗೆ ಆಧಾರವೂ ಇತ್ತು. ಆದರೆ ಈ ದೂರು ಹೇಳುವವರೇ ನಮ್ಮ ಹುಡುಗರಿಗೆ ಬಾಗಿಲು ತೆರೆದ ಪ್ರವಾಸಗಳನ್ನು ಬಿ ಟೀಮ್ ಎಂದು ತಳ್ಳಿಹಾಕುತ್ತಾರೆ. ಎರಡೂ ಮಾತು ಒಟ್ಟಿಗೆ ನಿಲ್ಲುವುದಿಲ್ಲ. 2014ರ ಜೂನ್ 17ರಂದು ಮೀರ್‌ಪುರದಲ್ಲಿ, ರೈನಾ ನಾಯಕತ್ವದ ಮತ್ತೊಂದು ಹೊಸಬರ ತಂಡ 105 ರನ್ನಿಗೆ ಆಲೌಟ್ ಆಗಿತ್ತು. ಸ್ಟುವರ್ಟ್ ಬಿನ್ನಿ 4.4 ಓವರುಗಳಲ್ಲಿ ಬರೀ 4 ರನ್ ಕೊಟ್ಟು 6 ವಿಕೆಟ್ ಕಿತ್ತು ಬಾಂಗ್ಲಾದೇಶವನ್ನು 58ಕ್ಕೆ ಮುಗಿಸಿದರು. ಭಾರತದ ಪರ ಏಕದಿನ ಬೌಲಿಂಗಿನ ಹಿಂದಿನ ದಾಖಲೆ ಅನಿಲ್ ಕುಂಬ್ಳೆ ಅವರದು: 1993ರ ಹೀರೊ ಕಪ್ ಫೈನಲ್ಲಿನಲ್ಲಿ 12 ರನ್ನಿಗೆ 6 ವಿಕೆಟ್. ಒಬ್ಬ ಕನ್ನಡಿಗನ ದಾಖಲೆಯನ್ನು ಇನ್ನೊಬ್ಬ ಕನ್ನಡಿಗ ಮೀರಿದ್ದು ‘ಬಿ ಟೀಮ್’ ಪ್ರವಾಸದಲ್ಲಿ. ಆ ಹೊಸ ದಾಖಲೆ 2023ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಮೊಹಮ್ಮದ್ ಶಮಿ 7 ವಿಕೆಟ್ ಪಡೆಯುವವರೆಗೂ ಉಳಿಯಿತು.

2015ರ ಜುಲೈನಲ್ಲಿ ಅಜಿಂಕ್ಯ ರಹಾನೆ ನಾಯಕತ್ವದ ತಂಡ ಹರಾರೆಗೆ ಹೋದಾಗ ಮನೀಷ್ ಪಾಂಡೆ ಮೊದಲ ಏಕದಿನ ಪಂದ್ಯದಲ್ಲೇ 71 ರನ್ ಹೊಡೆದರು. ಆರು ತಿಂಗಳ ಮೇಲೆ, 2016ರ ಜನವರಿ 23ರಂದು, ಸಿಡ್ನಿಯಲ್ಲಿ ಆಸ್ಟ್ರೇಲಿಯಾದ 330 ರನ್ ಬೆನ್ನತ್ತಿ ಔಟಾಗದೆ 104 ರನ್ ಗಳಿಸಿ ಗೆಲ್ಲಿಸಿದ್ದು ಅದೇ ಪಾಂಡೆ. ಆ ವರ್ಷ ಜೂನ್ 11ರಂದು, ಮತ್ತೆ ಹರಾರೆಯಲ್ಲಿ, ಕೆ.ಎಲ್. ರಾಹುಲ್ ಮೊದಲ ಏಕದಿನ ಪಂದ್ಯದಲ್ಲೇ ಶತಕ ಹೊಡೆದರು. ಭಾರತದವರಲ್ಲಿ ಹಾಗೆ ಮಾಡಿದ ಮೊದಲಿಗರು ಅವರು. 2023ರ ವಿಶ್ವಕಪ್ಪಿನಲ್ಲಿ ಚೆನ್ನೈನಲ್ಲಿ ಆಸ್ಟ್ರೇಲಿಯಾ ವಿರುದ್ಧ ಔಟಾಗದೆ 97, 2025ರ ಚಾಂಪಿಯನ್ಸ್ ಟ್ರೋಫಿ ಫೈನಲ್ಲಿನಲ್ಲಿ ಔಟಾಗದೆ 34 ರನ್ ಗಳಿಸಿ ಕೊನೆಯವರೆಗೆ ನಿಂತ ರಾಹುಲ್ ಅವರ ಏಕದಿನ ಬದುಕು ಶುರುವಾಗಿದ್ದು ನಾವು ಟಿವಿ ಆರಿಸಿ ಕೂತ ಪಂದ್ಯದಲ್ಲಿ.

ಹೊರಗುಳಿದವರಿಗೆ ಅವಕಾಶ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮಗೆ ತೀರ ಹತ್ತಿರದ ಸಾಕ್ಷಿ ವಿಜಯಪುರದ ರಾಜೇಶ್ವರಿ ಗಾಯಕವಾಡ. 2017ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಮಹಿಳಾ ವಿಶ್ವಕಪ್ಪಿನ ಲೀಗ್ ಹಂತದ ಕೊನೆಯ ಪಂದ್ಯದವರೆಗೂ ಅವರು ಬೆಂಚಿನ ಮೇಲಿದ್ದರು. ಗೆದ್ದರಷ್ಟೇ ಸೆಮಿಫೈನಲ್ ಎಂಬ ನ್ಯೂಜಿಲೆಂಡ್ ವಿರುದ್ಧದ ಕೊನೆಯ ಲೀಗ್ ಪಂದ್ಯದಲ್ಲಿ, ಡರ್ಬಿಯಲ್ಲಿ, ಅವರನ್ನು ಇಳಿಸಲಾಯಿತು. 15 ರನ್ನಿಗೆ 5 ವಿಕೆಟ್ ಪಡೆದರು. ನ್ಯೂಜಿಲೆಂಡ್ 79ಕ್ಕೆ ಮುಗಿಯಿತು. ಅದೇ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 70 ರನ್ ಬಾರಿಸಿದ್ದರು. ಅಂದು ಭಾರತವನ್ನು ಸೆಮಿಫೈನಲ್ಲಿಗೆ ಒಯ್ದವರಲ್ಲಿ ಇಬ್ಬರು ನಮ್ಮ ರಾಜ್ಯದ ಸಣ್ಣ ಊರುಗಳ ಹೆಣ್ಣುಮಕ್ಕಳು. ಬೆಂಚಿನ ಮೇಲೆ ಕೂತವರು ಕಡಿಮೆಯವರು ಎಂಬ ಭಾವನೆ ಎಷ್ಟು ಪೊಳ್ಳು ಎಂಬುದನ್ನು ಆ ಒಂದು ಪಂದ್ಯ ತೋರಿಸಿತು.

ಗೋಕಾಕ, ಮೂಡಲಗಿ, ಹುಕ್ಕೇರಿಗೆ ಇದರಿಂದ ಏನು ಎಂದು ಕೇಳಬಹುದು. ಈ ಮೂರೂ ತಾಲ್ಲೂಕುಗಳಲ್ಲಿ ಕ್ರಿಕೆಟ್ಟಿಗೆ ಕೊರತೆಯಿಲ್ಲ. ಕಬ್ಬು ಕಡಿದ ಹೊಲ, ಶಾಲೆಯ ಬಯಲು, ಜಾತ್ರೆಯ ಕಾಲದ ಟೂರ್ನಿ, ರಾತ್ರಿ ಲೈಟು ಹಾಕಿ ಆಡುವ ಪಂದ್ಯ ಎಲ್ಲ ಇವೆ. ಆದರೆ ಆಡುವುದು ಹೆಚ್ಚಾಗಿ ಟೆನಿಸ್ ಬಾಲಿನಲ್ಲಿ. ಲೆದರ್ ಬಾಲು, ಟರ್ಫ್ ಪಿಚ್ಚು, ತರಬೇತಿ ಬೇಕೆಂದರೆ ಬೆಳಗಾವಿ ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯದಲ್ಲಿ ಗುರುತಿಸಿಕೊಂಡು, ಅಲ್ಲಿಂದ ರಾಜ್ಯದ ವಯೋಮಿತಿ ತಂಡ, ರಣಜಿ ತಂಡ, ಭಾರತ ಎ ತಂಡ ಎಂದು ಹತ್ತಬೇಕು. ಇಷ್ಟು ದೂರದಿಂದ ಹೊರಟ ಹುಡುಗ ಒಂದೇ ನೆಗೆತಕ್ಕೆ ಕೊಹ್ಲಿ, ರೋಹಿತ್ ಅಂಥವರ ಜಾಗಕ್ಕೆ ಹೋಗಿ ಕೂರಲಾರ. ಅವನಿಗೆ ನಡುವೆ ಒಂದು ಮೆಟ್ಟಿಲು ಬೇಕು. ಎರಡನೇ ತಂಡದ ಪ್ರವಾಸವೇ ಆ ಮೆಟ್ಟಿಲು.

ಹತ್ತಿದವರು ಇದ್ದಾರೆ. ಹುಡುಗನಾಗಿದ್ದಾಗ ಗದಗದಿಂದ ಹುಬ್ಬಳ್ಳಿಗೆ ದಿನವೂ ಹೋಗಿ ಅಭ್ಯಾಸ ಮಾಡಿ, ಮರಳಿ ಶಾಲೆ ಸೇರುತ್ತಿದ್ದ ಸುನಿಲ್ ಜೋಶಿ 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರುಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಬೆಳಗಾವಿಯ ವೇಗದ ಬೌಲರ್ ರೋನಿತ್ ಮೋರೆ 2018ರ ನವೆಂಬರಿನಲ್ಲಿ ತಮ್ಮ ಊರಿನ ಮೈದಾನದಲ್ಲೇ ರಣಜಿ ಪಂದ್ಯದಲ್ಲಿ ಮುಂಬಯಿಯ ಐದು ವಿಕೆಟ್ ಕಿತ್ತರು. ಅದೇ ಬೆಳಗಾವಿ ಮೈದಾನಕ್ಕೆ 2019ರ ಜೂನ್‌ನಲ್ಲಿ ಶ್ರೀಲಂಕಾ ಎ ತಂಡ ಏಕದಿನ ಸರಣಿಗೆ ಬಂದಾಗ ಋತುರಾಜ್ ಗಾಯಕ್ವಾಡ್ 136 ಎಸೆತಗಳಲ್ಲಿ ಔಟಾಗದೆ 187 ರನ್ ಹೊಡೆದರು. ಎರಡು ವರ್ಷಗಳ ಮೇಲೆ ಕೊಲಂಬೊದಲ್ಲಿ ಪಡಿಕ್ಕಲ್ ಜೊತೆ ಭಾರತದ ಟೋಪಿ ತೊಟ್ಟಿದ್ದು ಇವರೇ. ಹುಕ್ಕೇರಿಯಿಂದ ಒಂದು ತಾಸು ಚಿಲ್ಲರೆ ದಾರಿಯ ಮೈದಾನದಿಂದ ಕೊಲಂಬೊಗೆ ನೇರ ದಾರಿಯೊಂದು ಇದೆ ಎಂದಾಯಿತು. ‘ಬಿ ಟೀಮ್’ ಎಂದು ಮೂಗು ಮುರಿದರೆ ನಾವು ಮುಚ್ಚುವುದು ಆ ದಾರಿಯನ್ನೇ.

ವಿರೋಧದ ಮಾತುಗಳಲ್ಲಿ ತೂಕವಿರುವವೂ ಇವೆ. ದುರ್ಬಲ ಎದುರಾಳಿಗಳ ಮುಂದೆ ಗಳಿಸಿದ ರನ್ನಿಗೆ ಬೆಲೆಯೇನು ಎಂಬುದು ಮೊದಲನೆಯದು. ಹರಾರೆಯ 71 ಸಿಡ್ನಿಯ 104ರ ಕಡೆಗೆ ನಡೆದದ್ದನ್ನು ನೋಡಿದ ಮೇಲೆ ಇದಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಜೊತೆಗೆ ಆ ದುರ್ಬಲರೇ ಈ ತಂಡಗಳನ್ನು ಹಲವು ಸಲ ಸೋಲಿಸಿದ್ದಾರೆ. ಹಣಕ್ಕಾಗಿ ಆಡುವ ಪ್ರವಾಸ ಎಂಬುದು ಎರಡನೆಯದು. ಹಣ ಬರುತ್ತದೆ, ನಿಜ. ಭಾರತ ಬಂದು ಆಡಿದರೆ ಟಿವಿ ಹಕ್ಕಿನಿಂದ ಬರುವ ಆದಾಯ ಶ್ರೀಲಂಕಾ, ಜಿಂಬಾಬ್ವೆಯಂಥ ಮಂಡಳಿಗಳನ್ನು ಬದುಕಿಸುತ್ತದೆ. ಆ ದೇಶಗಳಲ್ಲಿ ಕ್ರಿಕೆಟ್ ಉಳಿಯುವುದು ಕ್ರಿಕೆಟ್ಟಿಗೇ ಒಳ್ಳೆಯದು. ಭಾರತದ ಮೊದಲ ತಂಡ ಬಿಡುವಾಗುವವರೆಗೆ ಕಾಯಿರಿ ಎಂದರೆ ಆ ಮಂಡಳಿಗಳು ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ: ಇಂಥ ಪ್ರವಾಸಗಳಲ್ಲಿ ಹುಡುಗರನ್ನು ಒಂದು ಸಲ ಆಡಿಸಿ ಮರೆತುಬಿಡುತ್ತಾರೆ. 2016ರಲ್ಲಿ ಹರಾರೆಯಲ್ಲಿ ವಿದರ್ಭದ ಫೈಜ್ ಫಜಲ್ ಔಟಾಗದೆ 55 ರನ್ ಹೊಡೆದರು. ಭಾರತಕ್ಕೆ ಅವರು ಆಡಿದ್ದು ಅದೊಂದೇ ಪಂದ್ಯ. ಕೆ. ಗೌತಮ್ ಅವರ ಏಕದಿನ ಲೆಕ್ಕದಲ್ಲಿ ಇರುವುದೂ ಕೊಲಂಬೊದ ಒಂದೇ ಪಂದ್ಯ, ಒಂದೇ ವಿಕೆಟ್. ಮೀರ್‌ಪುರದ 6 ವಿಕೆಟ್ಟಿನ ನಂತರವೂ ಸ್ಟುವರ್ಟ್ ಬಿನ್ನಿ ಒಟ್ಟು ಆಡಿದ್ದು 14 ಏಕದಿನ ಪಂದ್ಯ. ಮನೀಷ್ ಪಾಂಡೆ 2021ರ ಆ ಸರಣಿಯ ನಂತರ ಭಾರತಕ್ಕೆ ಆಡಲೇ ಇಲ್ಲ. ಈ ನೋವು ನಿಜವಾದದ್ದು. ಆದರೆ ಇದರ ಹೊಣೆ ಪ್ರವಾಸದ್ದಲ್ಲ, ಪ್ರವಾಸ ಮುಗಿದ ಮೇಲೆ ಕಣ್ಣುಮುಚ್ಚುವ ಆಯ್ಕೆಯದು. ಪ್ರವಾಸವೇ ಇಲ್ಲದಿದ್ದರೆ ಗೌತಮ್‌ಗೆ ಆ ಒಂದು ಪಂದ್ಯವೂ ಇರುತ್ತಿರಲಿಲ್ಲ. ಮರೆತವರನ್ನು ಬಯ್ಯೋಣ, ಬಾಗಿಲು ತೆರೆದದ್ದನ್ನೇ ತಪ್ಪು ಅನ್ನುವುದು ಬೇಡ.

ದ್ರಾವಿಡ್ ಭಾರತ ಎ ತಂಡದ ಕೋಚ್ ಆಗಿದ್ದಾಗ ಒಂದು ನಿಯಮ ಪಾಲಿಸುತ್ತಿದ್ದರು: ಪ್ರವಾಸಕ್ಕೆ ಬಂದ ಯಾರೂ ಆಡದೆ ಮನೆಗೆ ಹೋಗಬಾರದು. ಆಡುವ ಕಾಲದಲ್ಲಿ ಇಡೀ ಪ್ರವಾಸ ಬೆಂಚಿನ ಮೇಲೆ ಕಳೆದು ಮತ್ತೆ ಆಯ್ಕೆಯ ಸಾಲಿನ ಕೊನೆಗೆ ನಿಲ್ಲುವ ಕಷ್ಟ ಅವರಿಗೆ ಗೊತ್ತಿತ್ತು. ಕೊಲಂಬೊದಲ್ಲಿ, ಕೊರೊನಾದ ಕಾರಣವೂ ಸೇರಿ, 20 ಮಂದಿಯೂ ಒಂದಲ್ಲ ಒಂದು ಪಂದ್ಯ ಆಡಿದರು. ನೆಟ್ ಬೌಲರ್ ಆಗಿ ಹೋಗಿದ್ದ ಸಂದೀಪ್ ವಾರಿಯರ್ ಕೂಡ ಆಡಿದರು. ಇಂಥ ಪ್ರವಾಸದ ಗುಣವನ್ನು ಅಳೆಯಬೇಕಾದದ್ದು ಎಷ್ಟು ಮಂದಿ ದೊಡ್ಡವರು ಬರಲಿಲ್ಲ ಎಂಬುದರಿಂದಲ್ಲ, ಎಷ್ಟು ಮಂದಿ ಹೊಸಬರಿಗೆ ಜಾಗ ಸಿಕ್ಕಿತು ಎಂಬುದರಿಂದ.

ಆದ್ದರಿಂದ ನನ್ನ ಬೇಡಿಕೆ ನೇರವಾದದ್ದು. ಭಾರತದ ಕ್ರಿಕೆಟ್ ಮಂಡಳಿ ಪ್ರತಿವರ್ಷ ಎರಡನೇ ತಂಡವನ್ನು ಹೊರದೇಶಕ್ಕೆ ಕಳಿಸಬೇಕು. ಆರಿಸಿದ ಹೊಸಬನಿಗೆ ಒಂದು ಪಂದ್ಯವಲ್ಲ, ಒಂದು ಪೂರ್ತಿ ಸರಣಿ ಕೊಡಬೇಕು. ಕೈಬಿಡುವುದಾದರೆ ಯಾಕೆಂದು ಅವನಿಗೆ ಹೇಳಬೇಕು. ರಾಜ್ಯ ಸಂಸ್ಥೆ ಬೆಳಗಾವಿ, ಹುಬ್ಬಳ್ಳಿಗಳಿಗೆ ಎ ತಂಡಗಳ ಪಂದ್ಯಗಳನ್ನು ಮತ್ತೆ ಮತ್ತೆ ತರಬೇಕು. ಆಯ್ಕೆ ಟ್ರಯಲ್ಸ್ ನಗರಗಳಲ್ಲೇ ನಿಲ್ಲದೆ ಗೋಕಾಕ, ಹುಕ್ಕೇರಿಯಂಥ ತಾಲ್ಲೂಕು ಊರುಗಳಿಗೂ ಬರಬೇಕು. ಒಂದೊಂದು ಟರ್ಫ್ ಪಿಚ್ಚಾದರೂ ಇಲ್ಲಿ ಆಗಬೇಕು. ನಮ್ಮ ಊರುಗಳಲ್ಲಿ ಟೂರ್ನಿಗೆ ಟ್ರೋಫಿ ಕೊಡುವ ಮುಖಂಡರು ಆ ಹಣದ ಒಂದು ಪಾಲನ್ನು ಲೆದರ್ ಬಾಲ್ ತರಬೇತಿಗೆ ಕೊಡಲಿ. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಹೆಸರು ಗೊತ್ತಿಲ್ಲದ ಹುಡುಗರ ಭಾರತ ತಂಡ ಮುಂದಿನ ಸಲ ಹೊರಟಾಗ ಆ ಪಂದ್ಯ ನೋಡಿ, ಮನೆಯಲ್ಲಿ ಬ್ಯಾಟು ಹಿಡಿಯುವ ಮಕ್ಕಳಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.